ಬೆಲೆಯೋ, ಘನತೆಯೋ?

1984ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡವು ರಿಯೊ ಡಿ ಜನೈರೊ ನಗರದ ಮರಕಾನ ಕ್ರೀಡಾಂಗಣದಲ್ಲಿ ಬ್ರೆಜಿಲ್ ತಂಡವನ್ನು 2-0 ಗೋಲುಗಳಿಂದ ಸೋಲಿಸಿತು. ಮೊದಲ ಗೋಲನ್ನು ಹೊಡೆದವರು ಜಮೈಕದಲ್ಲಿ ಹುಟ್ಟಿ ಇಂಗ್ಲೆಂಡಿನ ಪರವಾಗಿ ಆಡುತ್ತಿದ್ದ ಇಪ್ಪತ್ತರ ಹರೆಯದ ಜಾನ್ ಬಾರ್ನ್ಸ್. ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ದಾಟಿ ಅವರು ಹೊಡೆದ ಆ ಗೋಲನ್ನು ಫುಟ್‌ಬಾಲ್ ಬಲ್ಲವರು ಇಂದಿಗೂ ನೆನೆಯುತ್ತಾರೆ. ಆದರೆ ಆ ಪ್ರವಾಸದಲ್ಲಿ ತಂಡದೊಂದಿಗೆ ಒಂದೇ ವಿಮಾನದಲ್ಲಿದ್ದ ಕೆಲವು ಇಂಗ್ಲಿಷ್ ಬೆಂಬಲಿಗರು ಬೇರೊಂದು ಲೆಕ್ಕ ಹಾಕಿದರು. ನ್ಯಾಷನಲ್ ಫ್ರಂಟ್ ಎಂಬ ವರ್ಣದ್ವೇಷಿ ಪಕ್ಷಕ್ಕೆ ಸೇರಿದ ಅವರ ಪ್ರಕಾರ ಇಂಗ್ಲೆಂಡ್ ಗೆದ್ದದ್ದು 1-0 ಗೋಲಿನಿಂದ ಮಾತ್ರ. ಕಪ್ಪು ಮನುಷ್ಯನ ಗೋಲು ಲೆಕ್ಕಕ್ಕಿಲ್ಲ!

ಮೂವತ್ತೇಳು ವರ್ಷಗಳ ತರುವಾಯ, 2021ರ ಜುಲೈ 11ರಂದು, ಲಂಡನ್ನಿನ ವೆಂಬ್ಲಿಯಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ನಡೆಯಿತು. ಇಂಗ್ಲೆಂಡ್ ಪೆನಾಲ್ಟಿ ಹೊಡೆತಗಳಲ್ಲಿ ಇಟಲಿಗೆ ಸೋತಿತು. ಇಂಗ್ಲೆಂಡಿನ ಪರವಾಗಿ ಗೋಲು ಗಳಿಸಲಾರದೆ ಹೋದವರು ಮಾರ್ಕಸ್ ರ‍್ಯಾಶ್‌ಫರ್ಡ್, ಜೇಡನ್ ಸಾಂಚೊ ಮತ್ತು ಬುಕಾಯೊ ಸಾಕಾ. ಮೂವರೂ ಕಪ್ಪು ವರ್ಣದವರು. ಸಾಕಾ ಅವರಿಗೆ ಆಗ ಬರಿಯ ಹತ್ತೊಂಬತ್ತು ವರ್ಷ. ಪಂದ್ಯ ಮುಗಿದು ಹೊತ್ತಾಗುವ ಮೊದಲೇ ಸಾಮಾಜಿಕ ಜಾಲತಾಣಗಳಲ್ಲಿ ಈ ಮೂವರ ಮೇಲೆ ಕೋತಿಯ ಚಿತ್ರಗಳ, ಹೀನ ಬೈಗುಳಗಳ ಮಳೆಯೇ ಸುರಿಯಿತು.

1984ರಲ್ಲಿ ಕಪ್ಪು ಆಟಗಾರನ ಗೋಲು ಲೆಕ್ಕಕ್ಕೆ ಬರಲಿಲ್ಲ. 2021ರ ಹೊತ್ತಿಗೆ ಅವರ ಗೋಲುಗಳೆಲ್ಲ ಲೆಕ್ಕಕ್ಕೆ ಬರುತ್ತಿದ್ದವು. ಆದರೆ ಗುರಿ ತಪ್ಪಿದೊಡನೆ ಮೈಬಣ್ಣವೂ ಲೆಕ್ಕಕ್ಕೆ ಬಂತು. ಈ ನಡುವೆ ಬೆಂಬಲಿಗರ ಮನೋಭಾವದಲ್ಲಿ ಬದಲಾದುದೇನು, ಬದಲಾಗದೆ ಉಳಿದುದೇನು ಎಂಬುದನ್ನು ಓದುಗರು ನನ್ನೊಡನೆ ಸ್ವಲ್ಪ ವಿಚಾರಿಸಬೇಕೆಂದು ಕೋರುತ್ತೇನೆ.

ಮೊದಲು ಹಿಂದಿನ ಸ್ಥಿತಿಯನ್ನು ನೋಡೋಣ. ಇಂಗ್ಲೆಂಡಿನ ಹಿರಿಯರ ತಂಡದ ಪರವಾಗಿ ಆಡಿದ ಮೊದಲ ಕಪ್ಪು ವರ್ಣದ ಆಟಗಾರ ವಿವ್ ಆಂಡರ್ಸನ್, ಅದು 1978ರಲ್ಲಿ. 1982ರಲ್ಲಿ ಸಿರಿಲ್ ರೀಜಿಸ್ ಅದೇ ತಂಡಕ್ಕೆ ಆಯ್ಕೆಯಾದಾಗ ಅವರಿಗೆ ಅಂಚೆಯಲ್ಲಿ ಬೆದರಿಕೆಯ ಪತ್ರದೊಡನೆ ಬಂದೂಕಿನ ಗುಂಡೊಂದು ಬಂದಿತ್ತು. ಅದೇ ವರ್ಷ ಚೆಲ್ಸಿ ತಂಡದ ಪರವಾಗಿ ಮೊದಲ ಪಂದ್ಯವಾಡಲು ಸಿದ್ಧರಾಗುತ್ತಿದ್ದ ಪಾಲ್ ಕ್ಯಾನೊವಿಲ್ ಅವರನ್ನು ಜನಾಂಗೀಯವಾಗಿ ನಿಂದಿಸಿದವರು ಎದುರಾಳಿ ತಂಡದವರಲ್ಲ, ಅವರ ತಂಡದ ಬೆಂಬಲಿಗರೇ. 1988ರಲ್ಲಿ ಗುಡಿಸನ್ ಪಾರ್ಕಿನಲ್ಲಿ ಲಿವರ್‌ಪೂಲ್ ಪರವಾಗಿ ಆಡುತ್ತಿದ್ದ ಬಾರ್ನ್ಸ್ ಅವರತ್ತ ಗ್ಯಾಲರಿಯಿಂದ ಬಾಳೆಹಣ್ಣು ತೂರಿ ಬಂತು. ಅವರು ಅದನ್ನು ಹಿಮ್ಮಡಿಯಿಂದ ಗೆರೆಯಾಚೆಗೆ ಒದ್ದು ಆಟ ಮುಂದುವರಿಸಿದರು. ಆ ಛಾಯಾಚಿತ್ರ ಒಂದು ಕಾಲದ ಸಾಕ್ಷಿಯಾಗಿ ಉಳಿದಿದೆ. ಆದರೆ ಚಿತ್ರದಲ್ಲಿ ಕಾಣಿಸದ ಒಂದು ಸಂಗತಿಯಿದೆ. ಆ ದಿನಗಳಲ್ಲಿ ಹಣ್ಣು ಎಸೆದವರಿಗಿಂತ ಎಸೆಯದೆ ಸುಮ್ಮನೆ ಕುಳಿತವರು ಬಹುಪಾಲು ಹೆಚ್ಚಿದ್ದರು. ಅವರಲ್ಲಿ ಹೆಚ್ಚಿನವರು ಸಜ್ಜನರೇ ಆಗಿದ್ದಿರಬೇಕು. ಸಜ್ಜನರ ಮೌನವೇ ದುರ್ಜನರಿಗೆ ಅನುಮತಿಯಾಗಿತ್ತು.

ಆದುದರಿಂದಲೇ ಮೊದಲ ಬದಲಾವಣೆ ಆ ಮೌನ ಮುರಿದಾಗ ಬಂತು. ಲೀಡ್ಸ್ ನಗರದ ಎಲ್ಲೆಂಡ್ ರೋಡ್ ಕ್ರೀಡಾಂಗಣದ ಹೊರಗೆ ನ್ಯಾಷನಲ್ ಫ್ರಂಟಿನವರು ರಾಜಾರೋಷವಾಗಿ ತಮ್ಮ ಪತ್ರಿಕೆ ಮಾರುತ್ತಿದ್ದ ಕಾಲದಲ್ಲಿ, 1987ರಲ್ಲಿ, ಅಲ್ಲಿಯ ಸಾಮಾನ್ಯ ಬೆಂಬಲಿಗರು ಕೆಲವರು ಸಂಘಟಿತರಾದರು. ಅದೇ ಬಾಗಿಲಲ್ಲಿ ನಿಂತು ವರ್ಣದ್ವೇಷದ ವಿರುದ್ಧ ಕರಪತ್ರ ಹಂಚಿದರು. ಸರಕಾರ ಇನ್ನೂ ಎಚ್ಚತ್ತಿರಲಿಲ್ಲ. ಕ್ಲಬ್ಬುಗಳಲ್ಲಿ ಹೆಚ್ಚಿನವು ಇದು ತಮ್ಮ ಕೆಲಸವಲ್ಲವೆಂದು ಕೈತೊಳೆದುಕೊಂಡಿದ್ದವು. ಟಿಕೆಟು ಕೊಂಡು ಒಳಗೆ ಹೋಗುವವನೇ ತನ್ನ ಪಕ್ಕದವನಿಗೆ 'ಇದು ಸರಿಯಲ್ಲ' ಎಂದು ಹೇಳಲಾರಂಭಿಸಿದ.

ಕಾನೂನು ಅನಂತರ ಬಂತು. 1991ರ ಶಾಸನವು ಕ್ರೀಡಾಂಗಣದಲ್ಲಿ ಜನಾಂಗೀಯ ಘೋಷಣೆ ಕೂಗುವುದನ್ನು ಅಪರಾಧವೆಂದು ಸಾರಿತು. ಆದರೆ ಒಬ್ಬಿಬ್ಬರಾದರೂ ಜೊತೆಗೂಡಿ ಕೂಗಿದರೆ ಮಾತ್ರ ಅದು ಘೋಷಣೆಯಾಗುತ್ತಿತ್ತು. ಒಬ್ಬನೇ ಎದ್ದು ನಿಂತು ಬೈದರೆ ಆ ಕಲಮಿನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಈ ಲೋಪವನ್ನು ಸರಿಪಡಿಸಲು 1999ರ ತಿದ್ದುಪಡಿಯೇ ಬೇಕಾಯಿತು. ನಡುವೆ, 1993ರಲ್ಲಿ, ಜನಾಂಗೀಯ ಸಮಾನತೆಯ ಆಯೋಗವೂ ಆಟಗಾರರ ಸಂಘವೂ ಕೂಡಿ ವರ್ಣದ್ವೇಷವನ್ನು ಫುಟ್‌ಬಾಲಿನಿಂದ ಹೊರಗಟ್ಟುವ ಆಂದೋಲನವನ್ನು ಹೂಡಿದವು. 1989ರ ಹಿಲ್ಸ್‌ಬರೊ ದುರಂತದ ಬಳಿಕ ದೊಡ್ಡ ಕ್ರೀಡಾಂಗಣಗಳಲ್ಲಿ ನಿಂತು ನೋಡುವ ಜಾಗಗಳು ಹೋಗಿ ಸಂಖ್ಯೆಯುಳ್ಳ ಆಸನಗಳು ಬಂದವು, ಕ್ಯಾಮೆರಾಗಳೂ ಬಂದವು. ಗುಂಪಿನ ನೆರಳಿನಲ್ಲಿ ಅಡಗಿದವನಿಗೆ ಈಗ ಒಂದು ಆಸನ ಸಂಖ್ಯೆಯಿತ್ತು.

ಇದರಿಂದ ಆದ ಬದಲಾವಣೆಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. 2025ರ ಆಗಸ್ಟ್ 15ರಂದು ಲಿವರ್‌ಪೂಲಿನ ಆನ್‌ಫೀಲ್ಡಿನಲ್ಲಿ ಬೋರ್ನ್‌ಮತ್ ತಂಡದ ಆಂಟೊಯಿನ್ ಸೆಮೆನ್ಯೊ ಗ್ಯಾಲರಿಯಿಂದ ತಮಗೆ ಜನಾಂಗೀಯ ನಿಂದನೆಯಾಯಿತೆಂದು ತೀರ್ಪುಗಾರರಿಗೆ ದೂರಿತ್ತರು. ತಕ್ಷಣ ಪಂದ್ಯವನ್ನು ನಿಲ್ಲಿಸಲಾಯಿತು, ಪೊಲೀಸರು ತನಿಖೆಗಿಳಿದರು. ಸೆಮೆನ್ಯೊ ಆ ಮೇಲೆ ಎರಡು ಗೋಲುಗಳನ್ನೂ ಹೊಡೆದರು. ಬಾರ್ನ್ಸ್ ಅವರ ಕಾಲದಲ್ಲಿ ಅವಮಾನವನ್ನು ನುಂಗಿಕೊಂಡು ಆಡುವುದೇ ಆಟಗಾರನ ಪಾಲಿನ ದಾರಿಯಾಗಿತ್ತು. ಸ್ಪೇನಿನಲ್ಲಿಯೂ, 2023ರ ಮೇ ತಿಂಗಳಲ್ಲಿ ವೆಲೆನ್ಸಿಯದ ಕ್ರೀಡಾಂಗಣದಲ್ಲಿ ಬ್ರೆಜಿಲಿನ ವಿನೀಸಿಯಸ್ ಜೂನಿಯರ್ ಅವರನ್ನು ನಿಂದಿಸಿದ ಮೂವರಿಗೆ 2024ರ ಜೂನಿನಲ್ಲಿ ಎಂಟು ತಿಂಗಳ ಸೆರೆವಾಸದ ಶಿಕ್ಷೆ ವಿಧಿಸಲಾಯಿತು. ಆ ದೇಶದಲ್ಲಿ ಇಂಥ ಅಪರಾಧಕ್ಕೆ ಅದೇ ಮೊದಲ ಶಿಕ್ಷೆ.

ಆದರೆ ಕಾನೂನು ನಾಲಗೆಯನ್ನು ಹಿಡಿಯಬಲ್ಲದೇ ಹೊರತು ಮನಸ್ಸನ್ನಲ್ಲ. ಬೂದಿ ಮುಚ್ಚಿದ ಕೆಂಡ ಯಾವಾಗ ಕಾಣಿಸುತ್ತದೆ ಎಂಬುದನ್ನು 2021ರ ಆ ರಾತ್ರಿ ತೋರಿಸಿಕೊಟ್ಟಿತು.

ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ ಬೆಲೆಗೂ ಘನತೆಗೂ ಇರುವ ವ್ಯತ್ಯಾಸವನ್ನು ವಿವರಿಸುತ್ತಾನೆ. ಯಾವುದರ ಜಾಗದಲ್ಲಿ ಸರಿಸಮಾನವಾದ ಇನ್ನೊಂದನ್ನು ಇಡಬಹುದೋ ಅದಕ್ಕೆ ಬೆಲೆಯುಂಟು. ಯಾವುದು ಎಲ್ಲ ಬೆಲೆಗಳಿಗೂ ಮೀರಿದ್ದೋ ಅದಕ್ಕೆ ಘನತೆಯುಂಟು. ಮನುಷ್ಯನಿಗೆ ಇರುವುದು ಘನತೆ. ಅದನ್ನು ಅವನು ಸಂಪಾದಿಸಬೇಕಾಗಿಲ್ಲ. ಆದುದರಿಂದ ಕಳೆದುಕೊಳ್ಳಲೂ ಬಾರದು. ಇಷ್ಟನ್ನು ಕಂಡ ಅದೇ ಕಾಂಟ್ ತನ್ನ ಬೇರೆ ಬರಹಗಳಲ್ಲಿ ಆಫ್ರಿಕದ ಜನರ ಕುರಿತು ಹೀನಾಯದ ಮಾತುಗಳನ್ನು ಬರೆದಿದ್ದಾನೆ ಎಂಬುದನ್ನೂ ಮರೆಮಾಚಬಾರದು. ತತ್ತ್ವವನ್ನು ಅರಿಯುವುದು ಬೇರೆ, ಎದುರಿಗಿರುವ ಮನುಷ್ಯನಲ್ಲಿ ಅದನ್ನು ಕಾಣುವುದು ಬೇರೆ.

ಗ್ಯಾಲರಿಯ ಮನೋಭಾವಕ್ಕೆ ಈ ವಿವೇಚನೆಯನ್ನು ಅನ್ವಯಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ನಲುವತ್ತು ವರ್ಷಗಳ ಹಿಂದಿನ ದ್ವೇಷಿಯು ಕಪ್ಪು ಆಟಗಾರನಿಗೆ ಬೆಲೆಯನ್ನೂ ಕೊಡಲಿಲ್ಲ, ಘನತೆಯನ್ನೂ ಕೊಡಲಿಲ್ಲ. ಇಂದಿನ ಅಭಿಮಾನಿಗಳಲ್ಲಿ ಒಂದು ಪಾಲಿನವರು ಬೆಲೆ ಕೊಡಲು ಕಲಿತಿದ್ದಾರೆ. ಅವನ ಹೆಸರಿನ ಅಂಗಿ ತೊಡುತ್ತಾರೆ, ಅವನ ಹಾಡು ಹಾಡುತ್ತಾರೆ. ಆದರೆ ಬೆಲೆ ಏರಿಳಿಯುವಂಥದು. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಸೋತ ಆಟಗಾರನನ್ನು ಟೀಕಿಸುವ ಹಕ್ಕು ಪ್ರೇಕ್ಷಕನಿಗೆ ಇದೆ. ಬಿಳಿಯ ಆಟಗಾರ ಗುರಿ ತಪ್ಪಿದಾಗ ಅವನನ್ನು ಕೆಟ್ಟ ಆಟಗಾರ ಎನ್ನುತ್ತಾರೆ. ಕಪ್ಪು ಆಟಗಾರ ಗುರಿ ತಪ್ಪಿದಾಗ ಅವನು ಈ ದೇಶದವನೇ ಅಲ್ಲ, ಮನುಷ್ಯನೇ ಅಲ್ಲ ಎನ್ನುತ್ತಾರೆ. ಒಬ್ಬನಿಗೆ ಆಟ ಹೋಯಿತು, ಇನ್ನೊಬ್ಬನಿಗೆ ಮನುಷ್ಯತ್ವವೇ ಹೋಯಿತು. ಅಂದರೆ ಅದನ್ನು ಅವನಿಗೆ ಕೊಟ್ಟಿರಲೇ ಇಲ್ಲ, ಸಾಲವಾಗಿ ಇರಿಸಿದ್ದರು ಎಂದೇ ಅರ್ಥ.

2024ರ ಜುಲೈ 6ರಂದು ಸ್ವಿಟ್ಜರ್ಲೆಂಡಿನ ವಿರುದ್ಧ ಅದೇ ಸಾಕಾ ಸಮಬಲದ ಗೋಲನ್ನೂ ಆ ಬಳಿಕ ತಮ್ಮ ಪೆನಾಲ್ಟಿಯನ್ನೂ ಗಳಿಸಿದಾಗ ಇಂಗ್ಲೆಂಡ್ ಕುಣಿದಾಡಿತು. ಸಂತೋಷದ ವಿಷಯವೇ. ಆದರೆ ಬದಲಾವಣೆಯ ಪುರಾವೆಯನ್ನು ನಾನು ಆ ಕುಣಿತದಲ್ಲಿ ಹುಡುಕಲಾರೆ. 2021ರ ಆಗಸ್ಟಿನಲ್ಲಿ, ವೆಂಬ್ಲಿಯ ಸೋಲಿನ ಗಾಯ ಇನ್ನೂ ಹಸಿಯಾಗಿದ್ದಾಗ, ಸಾಕಾ ತಮ್ಮ ಆರ್ಸೆನಲ್ ತಂಡದೊಡನೆ ಬದ್ಧ ಎದುರಾಳಿಯಾದ ಟಾಟನ್‌ಹ್ಯಾಮ್ ತಂಡದ ಅಂಗಣಕ್ಕಿಳಿದರು. ಅಂಥ ಕಡೆ ಆರ್ಸೆನಲ್ ಆಟಗಾರನಿಗೆ ಸಲ್ಲುವುದು ಅಬ್ಬರದ ಮೂದಲಿಕೆಯೇ. ಅಂದು ಟಾಟನ್‌ಹ್ಯಾಮಿನ ಬೆಂಬಲಿಗರು ಆ ಹುಡುಗನಿಗೆ ಚಪ್ಪಾಳೆ ತಟ್ಟಿದರು. ಅವರು ತಮಗಾಗಿ ಗೋಲು ಹೊಡೆದವರಲ್ಲ, ಹೊಡೆಯುವವರೂ ಅಲ್ಲ. ಯಾವ ಲಾಭವೂ ಇಲ್ಲದ ಆ ಚಪ್ಪಾಳೆ ಘನತೆಗೆ ಸಂದ ಗೌರವವಾಗಿತ್ತು. ನಿಜವಾದ ಬದಲಾವಣೆಯ ಗುರುತು ಅದು.

ಇದೆಲ್ಲ ದೂರದ ಇಂಗ್ಲೆಂಡಿನ ಮಾತಲ್ಲವೇ ಎಂದು ಓದುಗರು ಕೇಳಬಹುದು. ಒಂದು ಲೆಕ್ಕವನ್ನು ಗಮನಿಸಬೇಕು. ವೆಂಬ್ಲಿಯ ಪಂದ್ಯದ ಬಳಿಕ ಬ್ರಿಟಿಷ್ ಪೊಲೀಸರು ಅಪರಾಧವೆಂದು ಗುರುತಿಸಿದ ಜಾಲತಾಣದ ಬರಹಗಳು 207. ಅವುಗಳಲ್ಲಿ ಬ್ರಿಟನ್ನಿನ ಖಾತೆಗಳಿಂದ ಬಂದವೆಂದು ಆ ಆಗಸ್ಟಿನ ಹೊತ್ತಿಗೆ ತಿಳಿದದ್ದು 34. ಹೊರದೇಶಗಳ ಖಾತೆಗಳಿಂದ ಬಂದವು 123. ಗ್ಯಾಲರಿಗೆ ಈಗ ಗೋಡೆಗಳಿಲ್ಲ, ಆಸನಕ್ಕೆ ಸಂಖ್ಯೆಯೂ ಇಲ್ಲ. ಬ್ರಿಟನ್ನಿನಲ್ಲಿ 2022ರಿಂದ ಜಾಲತಾಣದಲ್ಲಿ ನಿಂದಿಸಿದವನನ್ನೂ ಕ್ರೀಡಾಂಗಣದಿಂದ ದೂರವಿಡಬಹುದು. ಕ್ರೀಡಾಂಗಣಕ್ಕೆ ಎಂದೂ ಕಾಲಿಡದವನನ್ನು ಹೊರಗಿಡುವುದು ಹೇಗೆ? ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ನಡುರಾತ್ರಿಯವರೆಗೆ ಎದ್ದಿದ್ದು ಯುರೋಪಿನ ಪಂದ್ಯಗಳನ್ನು ನೋಡುವ, ನೋಡುತ್ತಲೇ ಬೆರಳಾಡಿಸಿ ಅಭಿಪ್ರಾಯ ಬರೆಯುವ ನಮ್ಮ ಹುಡುಗರೂ ಈ ಗೋಡೆಯಿಲ್ಲದ ಗ್ಯಾಲರಿಯ ಪ್ರೇಕ್ಷಕರೇ.

ಗೋಡೆಯುಳ್ಳ ಗ್ಯಾಲರಿಯಲ್ಲಾದರೂ ನಾವು ಭಾರತೀಯರು ಶುದ್ಧರೆನ್ನುವಂತಿಲ್ಲ. ನೆರೆಯ ಕೇರಳದ ಸೆವೆನ್ಸ್ ಪಂದ್ಯಾವಳಿಗಳಿಗೆ ಆಫ್ರಿಕದ ಆಟಗಾರರನ್ನು ಹಣ ಕೊಟ್ಟು ಕರೆಸುತ್ತಾರೆ. ಅವರ ಆಟಕ್ಕೆ ಜನ ಮುಗಿಬೀಳುತ್ತಾರೆ. 2024ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕೋಡಿನಲ್ಲಿ ಐವರಿ ಕೋಸ್ಟಿನ ಅಂಥ ಒಬ್ಬ ಆಟಗಾರನನ್ನು ಪ್ರೇಕ್ಷಕರು ಅಟ್ಟಿಸಿಕೊಂಡು ಹೋಗಿ ಹೊಡೆದರು. ತನ್ನ ಬಣ್ಣವನ್ನೆತ್ತಿ ಬೈದರೆಂದು ಆತ ಪೊಲೀಸರಿಗೆ ದೂರಿದ. ಆತನಿಗೂ ಬೆಲೆ ಕೊಟ್ಟಿದ್ದರು. ಘನತೆಯನ್ನು ಕೊಟ್ಟಿರಲಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಲೀಡ್ಸಿನ ಆ ಸಾಮಾನ್ಯ ಬೆಂಬಲಿಗರು ಮಾಡಿದ್ದನ್ನೇ. ಪಂದ್ಯ ಸೋತ ರಾತ್ರಿ ಮಗನ ಮೊಬೈಲಿಗೆ ಕೋತಿಯ ಚಿತ್ರವೊಂದು ಬಂದು, ಅವನು ನಕ್ಕು ಅದನ್ನು ಇನ್ನೊಬ್ಬನಿಗೆ ಕಳುಹಿಸ ಹೊರಟಾಗ, ಪಕ್ಕದಲ್ಲಿ ಕುಳಿತ ತಂದೆಯೋ ಅಣ್ಣನೋ 'ಇದು ಸರಿಯಲ್ಲ' ಎಂದು ಹೇಳಬೇಕು. ಅದು ಸಣ್ಣ ಮಾತು. ಆದರೆ ಕಾನೂನೂ ಕ್ಯಾಮೆರಾವೂ ತಲಪದ ಆ ಜಾಗಕ್ಕೆ ತಲಪಬಲ್ಲದ್ದು ಅದೊಂದೇ. ಮುಂದಿನ ಬಾರಿ ನಮ್ಮ ಮೆಚ್ಚಿನ ಆಟಗಾರನೊಬ್ಬ ಗುರಿ ತಪ್ಪಿದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು ಎಂಬುದನ್ನು ಪ್ರತಿಯೊಬ್ಬರೂ ಗಮನಿಸಿಕೊಳ್ಳಲಿ. ನಾವು ಇಷ್ಟು ದಿನ ಅವನಿಗೆ ಕೊಟ್ಟಿದ್ದು ಬೆಲೆಯೋ ಘನತೆಯೋ ಎಂಬುದನ್ನು ಆ ಒಂದು ಮಾತೇ ಹೇಳುತ್ತದೆ.