ಹಿತ್ತಲ ಬಾಳೆಯ ಹೆಸರೇನು?

ಕಳೆದ ತಿಂಗಳು ಕುಂಡದಲ್ಲಿ ಕರಿಬೇವು ಬೆಳೆಸುವ ಬಗ್ಗೆ ಬರೆದಿದ್ದೆ. ಈ ಸಲ ಬಾಳೆ.

ಬ್ರಿಸ್ಬೇನಿನಲ್ಲಿ ನಾವು ಈಗಿರುವ ಮನೆಗೆ ಬಂದಾಗಲೇ ಹಿಂದಿನ ಬೇಲಿಯ ಪಕ್ಕ ನಾಲ್ಕೈದು ಬಾಳೆಗಿಡ ಇದ್ದವು. ಯಾರು ನೆಟ್ಟರೋ, ಯಾವ ತಳಿಯೋ ಗೊತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಮೈಸೂರಿನಿಂದ ಅಜ್ಜಿ ಬಂದರು. ಅದೇ ವಾರ ಒಂದು ಗಿಡ ಮೋತೆ ಹಾಕಿತು. ಅಜ್ಜಿ ಗಿಡವನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಇದು ರಸಬಾಳೆ ಕಣೇ ಪುಟ್ಟಿ" ಅಂದರು. ಅಪ್ಪ ಪಚ್ಚಬಾಳೆ ಅಂದರು. ಫೋನಿನ ಆ್ಯಪ್ ಮೂರು ಫೋಟೊಗೆ ಮೂರು ಹೆಸರು ಹೇಳಿತು!

ಅಜ್ಜಿಗೆ ಅದು ರಸಬಾಳೆಯೇ ಆಗಬೇಕಿತ್ತು. ಅವರ ತವರು ನಂಜನಗೂಡಿನ ಹತ್ತಿರ. ಅವರಪ್ಪನ ತೋಟಕ್ಕೆ ಪನಾಮಾ ಸೊರಗು ರೋಗ ಬಂದು, ಎಲೆಯೆಲ್ಲ ಹಳದಿಯಾಗಿ, ಗಿಡಗಳು ಒಂದೊಂದಾಗಿ ಸತ್ತವಂತೆ. ಆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಎಷ್ಟೋ ವರ್ಷ ಉಳಿಯುತ್ತದೆ. ಹಾಗಾಗಿ ಅಲ್ಲಿ ಮತ್ತೆ ರಸಬಾಳೆ ಹಾಕಲೇ ಇಲ್ಲ.

ಆ್ಯಪ್ ಬಿಟ್ಟು ನಾನು ಹಳೆಯ ದಾರಿ ಹಿಡಿದೆ. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಎರಡು ಕಾಡುಬಾಳೆಗಳು: ಅಕ್ಯುಮಿನಾಟಾ ಮತ್ತು ಬಾಲ್ಬಿಸಿಯಾನಾ. 1955ರಲ್ಲಿ ಸಿಮಂಡ್ಸ್ ಮತ್ತು ಶೆಪರ್ಡ್ ಎಂಬ ವಿಜ್ಞಾನಿಗಳು 15 ಲಕ್ಷಣಗಳ ಪಟ್ಟಿ ಮಾಡಿದರು. ಅಕ್ಯುಮಿನಾಟಾದಂತಿದ್ದರೆ 1 ಅಂಕ, ಬಾಲ್ಬಿಸಿಯಾನಾದಂತಿದ್ದರೆ 5. ಒಟ್ಟು 15ರಿಂದ 75ರೊಳಗೆ ಬರುತ್ತದೆ.

ನೀವೂ ನೋಡಬಹುದು. ಕಾಂಡದ ಮೇಲೆ ಕಂದು-ಕಪ್ಪು ಮಚ್ಚೆ ತುಂಬ ಇದ್ದರೆ ಅಕ್ಯುಮಿನಾಟಾದ ಕಡೆ. ಎಲೆಯ ದೇಟನ್ನು ಅಡ್ಡ ಕತ್ತರಿಸಿ ನೋಡಿ. ಅದರ ಕಾಲುವೆ ಬಾಯಿ ತೆರೆದಿದ್ದರೂ ಅದೇ ಕಡೆ, ಅಂಚುಗಳು ಒಳಕ್ಕೆ ಬಾಗಿ ಮುಚ್ಚಿಕೊಂಡಿದ್ದರೆ ಬಾಲ್ಬಿಸಿಯಾನಾದ ಕಡೆ. ನಮ್ಮದು ಎರಡರ ನಡುವೆ! ಮೋತೆಯ ಎಸಳು ಮೇಲೆದ್ದ ಮೇಲೆ ಹಿಂದಕ್ಕೆ ಸುರುಳಿ ಸುತ್ತುತ್ತದೆಯೇ ಎಂದೂ ನೋಡಬೇಕು. ಅಜ್ಜಿ ಅಷ್ಟರಲ್ಲಿ ಮೋತೆ ಪಲ್ಯಕ್ಕೆ ಚಾಕು ಹಿಡಿದು ಬಂದಿದ್ದರು. ಕೈಮುಗಿದು ಒಂದು ವಾರ ತಡೆದೆ.

ಮೊದಲ ಸಲ ಕೂಡಿದಾಗ 39 ಬಂತು, ಎರಡನೇ ಸಲ 43. (ನನಗೆ ಎಸಳಿನ ಬಣ್ಣದಲ್ಲಿ ಈಗಲೂ ಅನುಮಾನ.) ಎರಡೂ 24ರಿಂದ 46ರೊಳಗೇ ಇವೆ. ಅಂದರೆ ಎರಡು ಪಾಲು ಅಕ್ಯುಮಿನಾಟಾ, ಒಂದು ಪಾಲು ಬಾಲ್ಬಿಸಿಯಾನಾ. ಪಚ್ಚಬಾಳೆ ಪೂರ್ತಿ ಅಕ್ಯುಮಿನಾಟಾ, ಆದ್ದರಿಂದ ಅಪ್ಪ ಸೋತರು. ರಸಬಾಳೆ ಇದೇ ಗುಂಪಿನದು. ಅಜ್ಜಿ ಮೂರು ದಿನ ನಗುತ್ತಲೇ ಇದ್ದರು. ತೊಂದರೆ ಏನೆಂದರೆ, ಇಲ್ಲಿನ ಅಂಗಡಿಯಲ್ಲಿ ಸಿಗುವ ಲೇಡಿ ಫಿಂಗರ್ ಕೂಡ ಇದೇ ಗುಂಪು. (ಬೆಂಡೆಕಾಯಿ ಅಲ್ಲ, ಇಲ್ಲಿ ಅದು ಬಾಳೆಹಣ್ಣು!) ಇನ್ನು ಹಣ್ಣೇ ಹೇಳಬೇಕಿತ್ತು.

ಫೆಬ್ರವರಿಯಲ್ಲಿ, ಅಜ್ಜಿ ಹೊರಡುವ ವಾರ, ಗೊನೆ ಹಣ್ಣಾಯಿತು. ಅಜ್ಜಿ ಒಂದನ್ನು ಸುಲಿದು, ಕಣ್ಣು ಮುಚ್ಚಿ ತಿಂದರು. ರಸಬಾಳೆಯ ಸಿಪ್ಪೆ ತೆಳು, ಸಿಹಿಯೊಳಗೆ ಸ್ವಲ್ಪ ಹುಳಿ. ಇದು ಬರೀ ಸಿಹಿ. ಕತ್ತರಿಸಿಟ್ಟ ಹೋಳು ಬೇಗ ಕಪ್ಪಾಗಲೂ ಇಲ್ಲ, ಅದು ಲೇಡಿ ಫಿಂಗರ್‌ನ ಗುಣ. ಅಜ್ಜಿ ಏನೂ ಹೇಳಲಿಲ್ಲ. ಇನ್ನೊಂದು ಹಣ್ಣು ತೆಗೆದುಕೊಂಡು, "ಚೆನ್ನಾಗಿದೆ, ಆದರೆ ಅಲ್ಲ" ಅಂದರು.

ಸುಮ್ಮನೆ "ಹೌದು, ರಸಬಾಳೆ" ಅಂದುಬಿಡಬಹುದಿತ್ತು ಅಂತ ನನಗೆ ಆ ರಾತ್ರಿ ಅನಿಸಿತು. ಆದರೆ ಅಜ್ಜಿಯ ನಾಲಿಗೆಗೆ ಸುಳ್ಳು ಹೇಳುವುದು ಹೇಗೆ?

ರಸಬಾಳೆಯ ಗುಂಪಿನ ಬಾಳೆ ಆಸ್ಟ್ರೇಲಿಯಾದಲ್ಲೂ ಇದೆ, ಶುಗರ್ ಬನಾನ ಅನ್ನುತ್ತಾರೆ. ನಿಮ್ಮ ಹಿತ್ತಲಲ್ಲಿ ತೆಳು ಸಿಪ್ಪೆಯ, ಹುಳಿಸಿಹಿ ಬಾಳೆ ಇದ್ದರೆ ಮೋತೆ, ದೇಟು, ಹಣ್ಣು ಮೂರರ ಫೋಟೊ ಕಳಿಸಿ. ಕಂದು ಮಾತ್ರ ಕಿತ್ತು ತರಬೇಡಿ. ಬಂಚಿ ಟಾಪ್ ಎಂಬ ವೈರಸ್ ಕಂದಿನ ಜೊತೆಗೇ ಬರುತ್ತದೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಾಳೆಗಿಡ ಸಾಗಿಸುವುದಕ್ಕೂ ನೆಡುವುದಕ್ಕೂ ನಿಯಮಗಳಿವೆ. ಫೋಟೊ ಬಂದರೆ ಮೊದಲು ಮೈಸೂರಿಗೆ ಕಳಿಸುತ್ತೇನೆ, ಆಮೇಲೆ ಅಂಕ ಹಾಕುತ್ತೇನೆ.