ಎಪ್ಪತ್ತರ ಗಂಟಲಲ್ಲಿ ಮೊದಲ ನೋಟ

ವಯಸ್ಸಾದ ಗಾಯಕರು ಹಾಡಿದರೆ ನಮ್ಮಲ್ಲಿ ಎರಡೇ ಮಾತು. ಒಂದು, "ಪಾಪ, ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿ ಹಾಡ್ತಾರೆ!" ಇನ್ನೊಂದು, "ಗಂಟಲು ಹೋಗಿದೆ, ಇನ್ನಾದ್ರೂ ನಿಲ್ಲಿಸಬಾರದಾ?" ಮೊದಲನೆಯದು ಕನಿಕರ, ಎರಡನೆಯದು ಅಸಹನೆ. ಎರಡರಲ್ಲೂ ಹಾಡನ್ನು ಯಾರೂ ಸರಿಯಾಗಿ ಕೇಳಿರೋದಿಲ್ಲ ಅನ್ನೋದು ನನ್ನ ತಕರಾರು.

ಜಾನಿ ಕ್ಯಾಶ್ ಹಾಡಿದ 'ದ ಫಸ್ಟ್ ಟೈಮ್ ಎವರ್ ಐ ಸಾ ಯುವರ್ ಫೇಸ್' ಕೇಳಿದ್ದೀರಾ? 2002ರ ನವೆಂಬರ್‌ನಲ್ಲಿ ಬಂದ 'ದ ಮ್ಯಾನ್ ಕಮ್ಸ್ ಅರೌಂಡ್' ಆಲ್ಬಮ್ಮಿನಲ್ಲಿದೆ. ಆ ಆಲ್ಬಂ ಅಂದ್ರೆ ಎಲ್ಲರೂ 'ಹರ್ಟ್' ಬಗ್ಗೆಯೇ ಮಾತಾಡ್ತಾರೆ, ಅದರಲ್ಲೇ ಇರೋ ಈ ಹಾಡನ್ನು ಮರೀತಾರೆ.

ಇದು ಯುವನ್ ಮೆಕಾಲ್ 1957ರಲ್ಲಿ ಪೆಗ್ಗಿ ಸೀಗರ್‌ಗಾಗಿ ಬರೆದ ಹಾಡು. ಜಗತ್ತಿಗೆ ಗೊತ್ತಾಗಿದ್ದು ರಾಬರ್ಟಾ ಫ್ಲ್ಯಾಕ್ ಅವರಿಂದ. 1969ರಲ್ಲಿ ಅವರ ಆಲ್ಬಮ್ಮಿನಲ್ಲಿ ಬಂದು ಸುಮ್ಮನೆ ಕೂತಿತ್ತು. 1971ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ತಮ್ಮ ಸಿನಿಮಾದಲ್ಲಿ ಬಳಸಿದ ಮೇಲೆ, 1972ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ಫ್ಲ್ಯಾಕ್ ಒಂದೊಂದು ಸ್ವರವನ್ನೂ ಹಿಡಿದು ನಿಲ್ಲಿಸ್ತಾರೆ. ಬೆರಗು ಈಗಷ್ಟೇ ಆದ ಹಾಗಿರುತ್ತೆ.

ಕ್ಯಾಶ್‌ಗೆ ಆಗ ಎಪ್ಪತ್ತು. ಆರೋಗ್ಯ ಪೂರ್ತಿ ಕೆಟ್ಟಿತ್ತು. ಸ್ವರ ಹಿಡಿಯೋಕೆ ಉಸಿರೇ ಸಾಲದು, ಸಾಲಿನ ಕೊನೆಗೆ ದನಿ ನಡುಗುತ್ತೆ. ಆದರೆ ಗಮನಿಸಿ, ಹಾಡು 'ಮೊದಲ ಸಲ'ದ ಬಗ್ಗೆ. ಇಪ್ಪತ್ತೈದರ ಹುಡುಗ ಅದನ್ನು ಹೇಳಿದರೆ ಅದು ಆಸೆ. ಎಪ್ಪತ್ತರವರು ಹೇಳಿದರೆ ಅದು ಸಾಕ್ಷಿ. ಇಷ್ಟೆಲ್ಲಾ ಆದಮೇಲೂ ಆ ಮೊದಲ ನೋಟ ಅಳಿಸಿಲ್ಲ ಅಂತ ಹೇಳೋಕೆ ನಡುಗೋ ದನಿಯೇ ಬೇಕು.

ಅವರ ಹೆಂಡತಿ ಜೂನ್ ಕಾರ್ಟರ್ 2003ರ ಮೇ ತಿಂಗಳಲ್ಲಿ ತೀರಿಕೊಂಡರು, ಸೆಪ್ಟೆಂಬರ್‌ನಲ್ಲಿ ಕ್ಯಾಶ್ ಕೂಡ. ಹಾಗಾಗಿ ಬಹಳ ಜನ ಇದನ್ನು ಶೋಕಗೀತೆ ಥರ ಕೇಳ್ತಾರೆ. ಅದು ತಪ್ಪು. ಹಾಡಿದಾಗ ಜೂನ್ ಇದ್ದರು. ಇದು ಪ್ರೇಮಗೀತೆಯೇ ಸ್ವಾಮಿ, ಮುದುಕರಿಗೂ ಪ್ರೇಮಗೀತೆ ಹಾಡೋ ಹಕ್ಕಿದೆ!

ನಿರ್ಮಾಪಕ ರಿಕ್ ರೂಬಿನ್ ಮುಪ್ಪನ್ನೇ ಮಾರಾಟಕ್ಕಿಟ್ಟರು ಅನ್ನೋರಿದ್ದಾರೆ. ಇರಬಹುದು. ಒಡೆದ ದನಿಯೆಲ್ಲಾ ಶ್ರೇಷ್ಠ ಅಂತ ನಾನೂ ಹೇಳ್ತಿಲ್ಲ. ಆದರೆ ಮುಪ್ಪನ್ನು ಮುಚ್ಚಿಡೋಕೆ ಇಲ್ಲಿ ದೊಡ್ಡ ವಾದ್ಯಗೋಷ್ಠಿ ತುಂಬಿಲ್ಲ. ಆ ಪ್ರಾಮಾಣಿಕತೆ ನನಗೆ ಸಾಕು.

ಫ್ಲ್ಯಾಕ್ ಹಾಡಿದ್ದು ಮೊದಲು, ಕ್ಯಾಶ್ ಹಾಡಿದ್ದು ಆಮೇಲೆ, ಒಂದಾದ ಮೇಲೊಂದು ಕೇಳಿ ನೋಡಿ. ಯಾವುದು ಹೆಚ್ಚು ಚೆಂದ ಅಂತ ಕೇಳಲ್ಲ. ಯಾವುದನ್ನು ಹೆಚ್ಚು ನಂಬ್ತೀರಿ, ಅದನ್ನು ಹೇಳಿ.