ಪ್ರಾಡಾಗೆ ಬೈದವರೇ, ಸೀರೆ ತಿರುಗಿಸಿ ನೋಡಿ

2025ರ ಜೂನ್‌ನಲ್ಲಿ ಮಿಲಾನ್‌ನ ವೇದಿಕೆ ಮೇಲೆ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದ ಹುಡುಗರು ಕೊಲ್ಹಾಪುರಿ ಚಪ್ಪಲಿ ಮೆಟ್ಟಿ ನಡೆದಾಗ ನಮ್ಮವರಿಗೆ ಎಲ್ಲಿಲ್ಲದ ಸ್ವಾಭಿಮಾನ ಉಕ್ಕಿತು. ಕಂಪನಿ ಮೊದಲು ಊರಿನ ಹೆಸರನ್ನೇ ಹೇಳಿರಲಿಲ್ಲ, ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಬೈದದ್ದು ಸರಿಯೇ. ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಪಾಲಿದೆ ಎಂಬುದು ಬೈದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ ಕಾಣೆ. ನಮ್ಮ ತಕರಾರು ಬೇರೆ. ಅದೇ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅದೇ ಧಾರವಾಡದ ಕಸೂತಿ ವರ್ಷಗಳಿಂದ ಪಾಲಿಯೆಸ್ಟರ್ ಮೇಲೆ ಅಚ್ಚಾಗಿ ಬೆಂಗಳೂರಿನ ಅಂಗಡಿಗಳಲ್ಲಿ ರಾಶಿ ಬಿದ್ದಿದೆಯಲ್ಲ, ಆಗ ಈ ಸ್ವಾಭಿಮಾನ ಎಲ್ಲಿ ಮಲಗಿತ್ತು? ಇಟಲಿಯವನು ಕದ್ದರೆ ಕಳವು, ನಮ್ಮ ಪೇಟೆಯವನು ಕದ್ದರೆ ‘ಎಥ್ನಿಕ್ ಕಲೆಕ್ಷನ್’!

ಕಳೆದ ದಸರೆಗೆ ನಮ್ಮ ಸಹೋದರ ಪತ್ರಿಕೆಯೊಂದು ಇಂಥದೇ ಸೀರೆ ಉಟ್ಟ ರೂಪದರ್ಶಿಯನ್ನು ಮುಖಪುಟಕ್ಕೆ ಹಾಕಿ, ಪರಂಪರೆ ಮತ್ತೆ ಚಿಗುರಿತು ಎಂದು ಪುಟಗಟ್ಟಲೆ ಹೊಗಳಿತು. ಅದೇ ಸೀರೆಯನ್ನು ತರಿಸಿ ಮೇಜಿನ ಮೇಲೆ ಹರವಿದೆವು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ಸಿಗಿಸಿ ಕೂಡಿಸುತ್ತಾರೆ, ಅದೇ ಕೊಂಡಿ. ಮುಖಪುಟದ ಸೀರೆಯಲ್ಲೂ ಕೊಂಡಿಯ ಗೆರೆ ಇದೆ, ಆದರೆ ಬಣ್ಣದಲ್ಲಿ! ಅಸಲು ಸೀರೆಯ ಫೋಟೋ ತೆಗೆದು ಹಾಗೇ ಯಂತ್ರಕ್ಕೆ ಕೊಟ್ಟಿದ್ದಾರೆ. ಸೆರಗಿನ ಟೋಪ ತೆನಿಯ ಪಕ್ಕದಲ್ಲಿ ಅಸಲು ಸೀರೆಯ ಮಡಿಕೆಯ ನೆರಳು ಕೂಡ ನಿಷ್ಠೆಯಿಂದ ಅಚ್ಚಾಗಿದೆ. ತಿರುಗಿಸಿದರೆ ಬರೀ ಮಬ್ಬು ಬಿಳಿ. ಇನ್ನು ಕಸೂತಿ. ಅದರ ಗವಂತಿ ಹೊಲಿಗೆ ಎಳೆ ಎಣಿಸುತ್ತ ಮುಂದೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಗಂಟು ಹಾಕುವಂತಿಲ್ಲ, ಹಿಂದೂ ಮುಂದೂ ಒಂದೇ. ಬಟ್ಟೆ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯೂ ಇಲ್ಲ. ಎಲ್ಲ ಎಳೆಯ ಲೆಕ್ಕ, ಹಾಗಾಗಿ ಅಡ್ಡ, ಉದ್ದ, ಓರೆ ಗೆರೆಗಳಷ್ಟೇ ಸಾಧ್ಯ. ನಮ್ಮೆದುರಿನ ಸೀರೆಯ ‘ಕಸೂತಿ’ ನವಿಲು ಮಾತ್ರ ಕತ್ತನ್ನು ನುಣ್ಣಗೆ ಬಳುಕಿಸಿ ನಿಂತಿದೆ. ಇದನ್ನು ಹಿಡಿಯಲು ತಜ್ಞರು ಬೇಕಿರಲಿಲ್ಲ, ಧಾರವಾಡದ ಯಾವ ಅಜ್ಜಿಯನ್ನು ಕೇಳಿದ್ದರೂ ಆಗುತ್ತಿತ್ತು.

ಉತ್ತರ ಏನು ಬರುತ್ತದೆಂದು ಗೊತ್ತು: ಕಲೆಯಲ್ಲಿ ಎಲ್ಲರೂ ಎಲ್ಲಿಂದಲೋ ಪ್ರೇರಣೆ ಪಡೆದವರೇ, ಜನಪದದ ನವಿಲು ಯಾರಪ್ಪನ ಸ್ವತ್ತು? ಒಪ್ಪಿದೆವು. ಕಸೂತಿಯ ತೇರನ್ನೂ ಯಾವಳೋ ಪುಣ್ಯಾತ್ಗಿತ್ತಿ ಗುಡಿಯ ಮುಂದೆ ಕಂಡೇ ಬಟ್ಟೆಗೆ ತಂದಳು. ಆದರೆ ಅಷ್ಟು ದೊಡ್ಡ ತೇರಿನಲ್ಲಿ ಏನನ್ನು ಬಿಡಬೇಕು, ದುಂಡನೆಯ ಗಾಲಿಯನ್ನು ಓರೆ ಗೆರೆಯಲ್ಲಿ ಹೇಗೆ ಉರುಳಿಸಬೇಕು, ಹೊರಟ ದಾರ ಹೊರಟಲ್ಲಿಗೇ ಬರುವಂತೆ ದಾರಿ ಹೇಗೆ ಹೂಡಬೇಕು ಎಂದು ಅವಳು ತಲೆ ಕೆಡಿಸಿಕೊಂಡಳಲ್ಲ, ವಿನ್ಯಾಸ ಇರುವುದು ಅಲ್ಲಿ. ಕಂಡದ್ದಕ್ಕೂ ಉಟ್ಟದ್ದಕ್ಕೂ ನಡುವಿನ ಈ ದುಡಿಮೆಯನ್ನು ಹಾರಿಸಿ ಬಂದವರು ಪ್ರೇರಣೆಯ ಮಾತಾಡಬಾರದು.

ಅಚ್ಚಿನ ಬಟ್ಟೆ ಎಂದರೇ ನಮಗೆ ಆಗದು ಎಂದು ಯಾರೂ ತಿಳಿಯಬೇಡಿ. ಮರದ ಅಚ್ಚಿನ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಟ್ಟೆಯ ಗಂಜಿ ತೆಗೆದು, ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸಿದರೆ ಅದು ತಿಳಿ ಹಳದಿಗೆ ತಿರುಗುತ್ತದೆ. ಕಪ್ಪು ಬೇಕೆಂದರೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಬೇಕು. ಆ ರಸ ಅಳಲೆಯ ಒಗರನ್ನು ಮುಟ್ಟಿದಾಗಲೇ ಕಪ್ಪಾಗುವುದು. ಕೆಂಪಿನದು ಇನ್ನೂ ಸೋಜಿಗ. ಅಚ್ಚು ಒತ್ತುವಾಗ ಹಚ್ಚುವುದು ಪಟಿಕದ ಅಂಟು ಮಾತ್ರ, ಕೆಂಪು ಎಲ್ಲೂ ಕಾಣದು. ಮಂಜಿಷ್ಠದ ಬೇರು ಹಾಕಿದ ಹಂಡೆಯಲ್ಲಿ ಬೇಯಿಸಿದ ಮೇಲೆ ಪಟಿಕ ಬಿದ್ದ ಕಡೆ ಕೆಂಪೇಳುತ್ತದೆ. ಒತ್ತುವವನು ಕಾಣದ ಬಣ್ಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಒತ್ತಬೇಕು. ಅಚ್ಚು ಕೆತ್ತುವವನಿಗೆ ಬೇರೆ ತಲೆನೋವು: ಒಂದು ಒತ್ತಿನ ಬಳ್ಳಿಯ ತುದಿ ಮುಂದಿನ ಒತ್ತಿನ ಬುಡಕ್ಕೆ ಸಂದು ಕಾಣದಂತೆ ಸೇರಬೇಕು. ಆಮೇಲೆ ಕತ್ತರಿ ಹಿಡಿದವನ ಸರದಿ. ಹೂವು ತಲೆಕೆಳಗಾಗದಂತೆ, ಎಡತೋಳಿಗೂ ಬಲತೋಳಿಗೂ ಸಾಲು ತಪ್ಪದಂತೆ ಬಟ್ಟೆ ಹಾಸಬೇಕು, ಎಷ್ಟು ತುಂಡು ದಂಡವಾಗುತ್ತದೆಂದು ಮೊದಲೇ ತೂಗಬೇಕು. ಹೆಗ್ಗೋಡಿನ ಕಡೆ ಚರಕ ಕೈಮಗ್ಗ ಸಂಸ್ಥೆಯವರು ಅಡಿಕೆ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಕಟ್ಟಿ ತೋರಿಸಿದರು. ಮಲೆನಾಡಿನವರು ಅಡಿಕೆ ಬೇಯಿಸಿದ ಆ ನೀರನ್ನು ಮೊದಲಿಂದ ಕಂಡವರೇ, ಅದನ್ನು ಅಂಗಿಗೆ ತರಬೇಕೆಂದು ಹೊಳೆಯಲು ಚರಕ ಕಟ್ಟಿದ ರಂಗಕರ್ಮಿ ಪ್ರಸನ್ನ ಬೇಕಾಯಿತು. ಸ್ವಂತಿಕೆ ಎಂದರೆ ಇಷ್ಟೇ, ಇಷ್ಟು ಕಷ್ಟ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವವರ ಮೇಲೂ ನಮಗೆ ಸಿಟ್ಟಿಲ್ಲ, ತಾವೇ ಬರೆಯಲಿ, ಚಿತ್ರ ಕೂಡುವ ಅಂಚುಗಳನ್ನು ತಾವೇ ಹೆಣಗಿ ಕೂಡಿಸಲಿ. ‘ಇಳಕಲ್ ಥರದ್ದು ಕೊಡು’ ಎಂದು ಎಐಗೆ ಹೇಳಿ ಒಂದು ಸಂಜೆಯಲ್ಲಿ ಇಡೀ ಸೀಸನ್ನಿನ ಬಟ್ಟೆ ಮುಗಿಸುವವರನ್ನು ವಿನ್ಯಾಸಕರೆಂದು ಸನ್ಮಾನಿಸುವುದು ಬೇಡ.

ಕಾನೂನಿಗೆ ಹೋಗಲಿ ಎನ್ನುತ್ತೀರಾ? 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮು ಓದಿ. ವಿನ್ಯಾಸವೆಂದು ನೋಂದಾಯಿಸಬಹುದಾಗಿದ್ದ ಚಿತ್ರವನ್ನು ನೋಂದಾಯಿಸದೆ, ಅದನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ಬಟ್ಟೆಗಿಳಿಸಿದರೆ ಕೃತಿಸ್ವಾಮ್ಯ ಮುಗಿಯಿತು. ರಿತು ಕುಮಾರ್ ಹೆಸರಿನ ಉಡುಪು ತಯಾರಿಸುವ ರಿತಿಕಾ ಕಂಪನಿ ಬೀಬಾ ವಿರುದ್ಧ ಹೂಡಿದ ದಾವೆ 2016ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಬಿದ್ದದ್ದು ಈ ಕಲಮಿಗೇ ಎಡವಿ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ಕೇಳಿಕೊಂಡರೆ ಇನ್ನೂ 5 ವರ್ಷ ರಕ್ಷಣೆ ಉಂಟು. ಆದರೆ ಊರಿಗೆಲ್ಲ ತೋರಿಸಿದ ಮೇಲೆ ಅರ್ಜಿ ಹಾಕಿದರೆ ಅದು ಹೊಸದಲ್ಲ ಎಂದಾಗುತ್ತದೆ. ಮೇಳದಲ್ಲಿ ನಾಲ್ಕು ಸೀರೆ ಮಾರಿ ಮುಂದಿನ ನೂಲು ಕೊಳ್ಳಬೇಕಾದ ಹೆಣ್ಣುಮಗಳು ವಕೀಲರನ್ನು ಎಲ್ಲಿಂದ ತರಬೇಕು? ಭೌಗೋಳಿಕ ಸೂಚಿಕೆ ಕಾಯುವುದು ಹೆಸರನ್ನು, ಅದರೊಳಗಿನ ತೇರು, ಗೋಪುರಗಳನ್ನಲ್ಲ. ಇಳಕಲ್ ಎಂಬ ಹೆಸರು ಬಿಟ್ಟು ಅದರ ಸೆರಗನ್ನು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು.

ಹೀಗಿರುವಾಗ ಈ ಕಳವನ್ನು ತಡೆಯಬೇಕಾದದ್ದು ವಿಮರ್ಶೆ. ಅದೇ ನಮ್ಮಲ್ಲಿಲ್ಲ. ಕವಿತೆಯ ಒಂದು ಸಾಲು ಎಲ್ಲೋ ಓದಿದಂತಿದೆ ಎಂದರೆ ಆರು ತಿಂಗಳು ಜಗಳವಾಡುವ ನಮ್ಮ ವಿಮರ್ಶಕರು ಇಡೀ ಸೀರೆ ಕದ್ದದ್ದೆಂದರೆ ‘ಅದು ಮಹಿಳಾ ಪುರವಣಿಯ ವಿಷಯ’ ಎಂದು ಪಕ್ಕಕ್ಕೆ ಸರಿಯುತ್ತಾರೆ. 2021ರಲ್ಲಿ ವಸ್ತ್ರ ವಿನ್ಯಾಸಕ ಸಬ್ಯಸಾಚಿ ಎಚ್ ಅಂಡ್ ಎಮ್ ಕಂಪನಿಯ ಜೊತೆ ಸೇರಿ ರಾಜಸ್ಥಾನದ ಸಾಂಗಾನೇರಿ ಅಚ್ಚಿನ ಚೆಲುವನ್ನು ಯಂತ್ರಕ್ಕೆ ಹಾಕಿದಾಗ ಕರಕುಶಲ ಸಂಘಟನೆಗಳು ಬಹಿರಂಗ ಪತ್ರ ಬರೆದು ಜಗಳ ತೆಗೆದವು. ಕನ್ನಡದ ಯಾವ ಸಾಹಿತ್ಯ ಪತ್ರಿಕೆಯಲ್ಲಿ ಅದರ ಚರ್ಚೆ ಆಯಿತು, ಹೇಳಿ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಕಮಲಾದೇವಿ ಚಟ್ಟೋಪಾಧ್ಯಾಯ ಮಂಗಳೂರಿನ ಮಗಳು. ಮಹಿಳಾ ದಿನದ ಭಾಷಣಕ್ಕೆ ಅವರ ಹೆಸರು ಬೇಕು, ಅವರು ಹೊತ್ತು ತಿರುಗಿದ ಪ್ರಶ್ನೆಗಳು ಬೇಡ.

ಈ ಸಂಚಿಕೆಯ ವಿಶೇಷ ವಿಭಾಗ ಉಡುಪು ಮತ್ತು ಅಚ್ಚಿನ ಬಟ್ಟೆಯ ವಿನ್ಯಾಸದ ಕುರಿತು. ಮುಂದಿನ ಸಂಚಿಕೆಯಿಂದ ನಮ್ಮಲ್ಲಿ ಯಾವ ಬಟ್ಟೆಯ ಚಿತ್ರ ಅಚ್ಚಾದರೂ ಅದರ ವಿನ್ಯಾಸ ಯಾರದು, ನೇಯ್ದವರು, ಬಣ್ಣ ಹಾಕಿದವರು, ಹೊಲಿದವರು ಯಾರು ಎಂಬ ಹೆಸರುಗಳು ಅದರ ಕೆಳಗೆ ಇರುತ್ತವೆ. ಹೆಸರು ಕೊಡಲಾಗದಿದ್ದರೆ ಚಿತ್ರ ಕಳಿಸಬೇಡಿ. ಜಾಹೀರಾತು ಕೊಡುವವರಿಗೂ ಇದೇ ನಿಯಮ.